ಕಾಡಂಚಿನ ಜಮೀನಿಗೆ ಬೆಂಕಿ ತಡೆಯೋ ಬೇಲಿ: ಯಾವ ಗಿಡ ಹಾಕಬೇಕು, ಯಾವುದು ಬೇಡ?

ಗುಂಡ್ಲುಪೇಟೆ: 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬಿದ್ದ ಬೆಂಕಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆಗೂ ಹಬ್ಬಿ ಸಾವಿರಾರು ಎಕರೆ ಸುಟ್ಟಿದ್ದನ್ನು ತಾಲೂಕಿನ ಜನ ಮರೆತಿಲ್ಲ. ಕಾಡಿನೊಳಗೆ ಬೆಂಕಿ ರೇಖೆ ಮಾಡೋದು ಅರಣ್ಯ ಇಲಾಖೆ ಕೆಲಸ. ಆದರೆ ಕಾಡಂಚಿನ ಕೊಟ್ಟಿಗೆ, ಹುಲ್ಲಿನ ಮೆದೆ, ಡ್ರಿಪ್ ಪೈಪು, ರಸ್ತೆ ಬದಿಯ ಗೂಡಂಗಡಿ ಉಳಿಯೋದು ನಾವು ಹಾಕೋ ಬೇಲಿ ಮೇಲೂ ನಿಂತಿದೆ.

ಸುಡದೇ ಇರೋ ಗಿಡ ಅಂತ ಯಾವುದೂ ಇಲ್ಲ. ಆದರೆ ಎಲೆಯಲ್ಲಿ ನೀರಿನಂಶ ಜಾಸ್ತಿ ಇರುವ ಗಿಡ ಹತ್ತಿಕೊಳ್ಳೋದು ನಿಧಾನ, ಯಾಕಂದ್ರೆ ಆ ನೀರು ಆರಿದ ಮೇಲೇ ಎಲೆ ಉರಿಯೋದು. ಅಷ್ಟರಲ್ಲಿ ತರಗೆಲೆ ಬೆಂಕಿ ತಣ್ಣಗಾಗಬಹುದು, ಇಲ್ಲವೇ ಜನ ಸೇರಿ ಸೊಪ್ಪಿನಿಂದ ಬಡಿದು ಆರಿಸಬಹುದು.

ಇದಕ್ಕೆ ನಮ್ಮ ಕಡೆ ಸುಲಭವಾಗಿ ಸಿಗೋದು ಕತ್ತಾಳೆ. ಹಳಬರು ಬದುವಿನ ಮೇಲೆ ಹಾಕುತ್ತಿದ್ದದ್ದು ದನ ನುಗ್ಗದಿರಲಿ ಅಂತ, ಬೆಂಕಿಗೂ ಅದೇ ಆಗುತ್ತೆ. ಬುಡದ ಮರಿ ಕಿತ್ತು ಮಳೆಗಾಲದ ಶುರುವಿನಲ್ಲಿ ಎರಡು ಸಾಲು ನೆಟ್ಟರೆ ಸಾಕು, ನೀರು ಕಟ್ಟೋ ತಾಪತ್ರಯ ಇಲ್ಲ. ಒಂದೇ ತೊಂದರೆ, ಕತ್ತಾಳೆ ಹೂವಿನ ಕಂಬ ಬಿಟ್ಟ ಮೇಲೆ ಸತ್ತು ಒಣಗುತ್ತೆ. ಅಂಥದನ್ನು ಕಿತ್ತು ಹಾಕದಿದ್ದರೆ ಬೇಲಿಯೇ ಸೌದೆ. ಕಳ್ಳಿ, ಲೋಳೆಸರವೂ ನಡೆಯುತ್ತೆ. ಕಳ್ಳಿ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಹಾಗಾಗಿ ಮಕ್ಕಳು ಆಡೋ ಕಡೆ ಬೇಡ. ನೀರಿರುವವರು ಕಾಡಿನ ಕಡೆಗೆ ಬಾಳೆ ಹಾಕಬಹುದು. ಆದರೆ ಜೋತುಬಿದ್ದ ಒಣ ಎಲೆ ಕೊಯ್ಯುತ್ತಲೇ ಇರಬೇಕು.

ಬೇಡದ ಪಟ್ಟಿಯಲ್ಲಿ ಮೊದಲನೆಯದು ಲಂಟಾನ. ಬೇಸಿಗೆಯಲ್ಲಿ ಒಣಗಿ ನಿಂತ ಪೊದೆ ನೆಲದ ಬೆಂಕಿಯನ್ನು ಮರದ ಕೊಂಬೆಗೆ ಏಣಿ ಹಾಕಿ ಹತ್ತಿಸಿದ ಹಾಗೆ. ಹೂ ಚೆನ್ನಾಗಿದೆ ಅಂತ ಬೇಲಿಯಲ್ಲಿ ಬಿಟ್ಟುಕೊಂಡವರೇ ಜಾಸ್ತಿ! ನೀಲಗಿರಿ ಎಲೆಯಲ್ಲಿ ಎಣ್ಣೆ ಇದೆ, ತೇಗ ಬೇಸಿಗೆಗೆ ಸರಿಯಾಗಿ ಎಲೆ ಉದುರಿಸುತ್ತೆ. ಇವೆರಡನ್ನೂ ಮನೆ, ಮೆದೆಯಿಂದ ದೂರ ಇಡೋದೇ ಲೇಸು.

ಗಿಡ ನೆಟ್ಟು ಸುಮ್ಮನಾದರೆ ಪ್ರಯೋಜನ ಇಲ್ಲ. ಜನವರಿ ಹೊತ್ತಿಗೆ ಸಾಲಿನ ಬುಡದ ಒಣ ಹುಲ್ಲು, ತರಗು ಕೆರೆದು ಬರೀ ಮಣ್ಣು ಕಾಣುವಂತೆ ಮಾಡಬೇಕು. ಕೆರೆದ ಕಸಕ್ಕೆ ಅಲ್ಲೇ ಕಡ್ಡಿ ಗೀರಬೇಡಿ, ಗೊಬ್ಬರದ ಗುಂಡಿಗೆ ಹಾಕಿ. ಕಾಡಿನ ಕಡೆ ಹೊಗೆ ಕಂಡರೆ ಹತ್ತಿರದ ಅರಣ್ಯ ಕಚೇರಿಗೆ ಇಲ್ಲವೇ 112ಕ್ಕೆ ಫೋನ್ ಮಾಡಿ.