ಕೊಕ್ಕರೆ ಬೆಳ್ಳೂರಿನ ಹಕ್ಕಿಗಳೂ ಗ್ರಾಮಸ್ಥರೂ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಗೆ ಅನತಿದೂರದಲ್ಲಿ, ಬೆಳ್ಳೂರೆಂಬ ಗ್ರಾಮವೊಂದುಂಟು. ನಾಗಮಂಗಲ ತಾಲ್ಲೂಕಿನಲ್ಲಿಯೂ ಇದೇ ಹೆಸರಿನ ಊರೊಂದಿರುವುದರಿಂದ ಇದನ್ನು ಕೊಕ್ಕರೆ ಬೆಳ್ಳೂರೆಂದು ಕರೆಯುವುದು ಅನುಕೂಲವೇ ಸರಿ; ಆದರೆ ಆ ವಿಶೇಷಣವು ಊರಿಗೆ ಬಂದುದು ಹಕ್ಕಿಗಳ ದೆಸೆಯಿಂದ. ಪ್ರತಿವರ್ಷವೂ ಚಳಿಗಾಲದಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಹಿಂಡುಹಿಂಡಾಗಿ ಬಂದು, ಊರ ನಡುವಣ ಹುಣಸೆ, ಆಲ, ಅರಳಿ ಮೊದಲಾದ ಮರಗಳಲ್ಲಿ ಗೂಡು ಕಟ್ಟಿ, ಮರಿ ಮಾಡಿ, ಮುಂಗಾರು ಇಳಿಯುವ ಹೊತ್ತಿಗೆ ಮರಿಗಳೊಡನೆ ಹೊರಟುಹೋಗುವುವು. ಕಾಡಿನಲ್ಲಾಗಲಿ ನಡುಗಡ್ಡೆಯಲ್ಲಾಗಲಿ ಇಂತಹ ಪಕ್ಷಿಧಾಮವಿದ್ದರೆ ಆಶ್ಚರ್ಯವಿಲ್ಲ. ಇಲ್ಲಿಯಾದರೋ ಮನೆಯ ಹಿತ್ತಲೇ ಧಾಮ. ಕೆಳಗೆ ದನ ಕಟ್ಟಿರುವುದು, ಹೆಂಗಸರು ರಾಗಿ ಕೇರುತ್ತಿರುವರು, ಮಕ್ಕಳು ಆಡುತ್ತಿರುವರು; ಮೇಲೆ, ಕೈಗೋಲಿಗೆ ಎಟುಕುವಷ್ಟು ಎತ್ತರದಿಂದ ಮೊದಲಾಗಿ, ಗೂಡುಗಳು.

ಕವಿಗಳು ಹಂಸವನ್ನು ಕೊಂಡಾಡಿದಂತೆ ಹೆಜ್ಜಾರ್ಲೆಯನ್ನು ಕೊಂಡಾಡಿಲ್ಲ. ಅದು ಅಂತಹ ಚೆಲುವಿನ ಹಕ್ಕಿಯೂ ಅಲ್ಲ. ಬೂದು ಮಿಶ್ರಿತವಾದ ಬಿಳಿಯ ಮೈ, ತೂಕವಾದ ಒಡಲು, ಚುಕ್ಕೆಗಳುಳ್ಳ ನೀಳವಾದ ಕೊಕ್ಕು, ಅದರ ಕೆಳಗೆ ಮೀನು ಹಿಡಿಯಲು ಜೋಲುವ ಚರ್ಮದ ಚೀಲ. ನೆಲದ ಮೇಲೆ ನಡೆಯುವಾಗ ನಗೆ ಬರಿಸುವ ಈ ಪ್ರಾಣಿಯು ಆಕಾಶಕ್ಕೇರಿದೊಡನೆ ಗಂಭೀರವಾಗುವುದು. ಬಣ್ಣದ ಕೊಕ್ಕರೆಯಾದರೆ ಹೆಸರಿಗೆ ತಕ್ಕ ಹಕ್ಕಿ: ಹಳದಿಯ ಕೊಕ್ಕು, ಕಿತ್ತಳೆಯ ಬಣ್ಣದ ಬೋಳುಮುಖ, ರೆಕ್ಕೆಯಲ್ಲಿ ಗುಲಾಬಿಯ ಛಾಯೆ. ಎರಡು ಜಾತಿಗಳೂ ಒಂದೇ ಮರವನ್ನು ಹಂಚಿಕೊಳ್ಳುವುದುಂಟು. ಮೀನಿನ ನಾತವೂ ಹಿಕ್ಕೆಯ ನಾತವೂ ಸೇರಿ ಊರನ್ನು ತುಂಬಿರುವುದು. ಮರದಡಿಯಲ್ಲಿ ನಡೆಯುವವರು ತಲೆಯ ಮೇಲೆ ಎಚ್ಚರವಿಟ್ಟಿರಬೇಕು. ಇದೆಲ್ಲವನ್ನೂ ಆರು ತಿಂಗಳ ಕಾಲ, ವರ್ಷ ವರ್ಷವೂ, ತಲೆಮಾರುಗಳಿಂದ ಒಂದು ಊರು ಸಹಿಸಿಕೊಂಡು ಬಂದಿತೆಂಬುದೇ ಇಲ್ಲಿಯ ಇತಿಹಾಸ.

ಈ ಇತಿಹಾಸಕ್ಕೆ ಶಾಸನವಿಲ್ಲ, ಸನ್ನದಿಲ್ಲ. ನೆರೆಯ ಧಾಮಗಳೊಡನೆ ಹೋಲಿಸಿದರೆ ಇದು ಸ್ಪಷ್ಟವಾಗುವುದು. ತಮಿಳುನಾಡಿನ ಚೆಂಗಲ್ಪಟ್ಟು ಸೀಮೆಯ ವೇಡಂತಾಂಗಲ್ಲಿನ ರೈತರು, ಕೆರೆಯ ಹಕ್ಕಿಗಳನ್ನು ಗುಂಡಿಕ್ಕುತ್ತಿದ್ದವರ ಕಾಟ ತಾಳಲಾರದೆ ಅಂದಿನ ಕಲೆಕ್ಟರನಾಗಿದ್ದ ಲಯನೆಲ್ ಪ್ಲೇಸನ ಬಳಿ ಮೊರೆಯಿಟ್ಟು, 1798ರಲ್ಲಿ ಕೌಲುಪತ್ರವನ್ನು ಪಡೆದರು. 1858ರಲ್ಲಿ ಅದನ್ನು ಪುನಃ ಸ್ಥಿರಪಡಿಸಿಕೊಂಡರು. ಹಕ್ಕಿಯ ಹಿಕ್ಕೆ ಬೆರೆತ ಕೆರೆಯ ನೀರು ತಮ್ಮ ಗದ್ದೆಗಳಿಗೆ ಗೊಬ್ಬರವೆಂಬುದನ್ನು ಆ ರೈತರು ಚೆನ್ನಾಗಿ ಅರಿತಿದ್ದರು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನ ಕಥೆ ಬೇರೆ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಒಡ್ಡು ಹಾಕಿದುದರಿಂದ ಉಂಟಾದ ನಡುಗಡ್ಡೆಗಳಲ್ಲಿ ಹಕ್ಕಿಗಳು ನೆಲೆಸಿದ್ದುವು. ಪಕ್ಷಿಶಾಸ್ತ್ರಜ್ಞರಾದ ಸಲೀಂ ಆಲಿಯವರು ಅದನ್ನು ಕಂಡು ಮೈಸೂರು ಮಹಾರಾಜರಿಗೆ ಅರಿಕೆ ಮಾಡಲು, 1940ರಲ್ಲಿ ಅದು ಪಕ್ಷಿಧಾಮವೆಂದು ಘೋಷಿತವಾಯಿತು. ಒಂದೆಡೆ ಕಲೆಕ್ಟರನ ಕೌಲು, ಇನ್ನೊಂದೆಡೆ ಅರಸರ ಅಪ್ಪಣೆ. ಬೆಳ್ಳೂರಿನವರು ಯಾರ ಬಾಗಿಲಿಗೂ ಹೋಗಲಿಲ್ಲ. ಹಕ್ಕಿಯನ್ನು ಹೊಡೆಯಬಾರದೆಂಬುದು ಅಲ್ಲಿ ಊರ ಕಟ್ಟಳೆಯಾಗಿ ನಡೆದುಬಂದಿತು.

ಊರಿನ ಹಿರಿಯರು ಹೇಳುವ ಒಂದು ವೃತ್ತಾಂತವು ಈ ನಂಟಿನ ಬಲವನ್ನು ತೋರಿಸುವುದು. ಮೊದಲು ಊರು ನದಿಗೆ ಇನ್ನೂ ಸಮೀಪದಲ್ಲಿದ್ದಿತಂತೆ. 1898ರಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗು ಅನೇಕ ವರ್ಷಗಳ ಕಾಲ ಮೈಸೂರು ಸೀಮೆಯ ಹಳ್ಳಿಗಳನ್ನು ಮತ್ತೆ ಮತ್ತೆ ಬಡಿಯಿತು. 1916ರ ಸುಮಾರಿನಲ್ಲಿ ಬೆಳ್ಳೂರಿನವರು ಹಳೆಯ ಊರನ್ನು ತೊರೆದು ಈಗಿನ ಸ್ಥಳಕ್ಕೆ ಬಂದು ಮನೆ ಕಟ್ಟಿಕೊಂಡರು. ಹಕ್ಕಿಗಳು ಹಳೆಯ ಮರಗಳಲ್ಲಿ ಉಳಿಯದೆ ಜನರ ಹಿಂದೆಯೇ ಹೊಸ ಊರಿಗೆ ಬಂದು ಗೂಡು ಕಟ್ಟಿದುವೆಂಬುದು ಅವರ ನಂಬಿಕೆ. ಇದಕ್ಕೆ ಬರೆಹದ ಆಧಾರವನ್ನು ಕೇಳುವುದು ಇತಿಹಾಸಕಾರರ ಧರ್ಮವೇ ಹೌದು. ಆದರೆ ಮನುಷ್ಯರಿದ್ದ ಕಡೆ ಬೇಟೆಯ ಪ್ರಾಣಿಗಳ ಹಾಗೂ ಕಳ್ಳಬೇಟೆಗಾರರ ಭಯ ಕಡಿಮೆಯೆಂದು ಹಕ್ಕಿಗಳು ಅರಿತುಕೊಂಡಿದ್ದರೆ ಅದರಲ್ಲಿ ಅಸಂಭವವಾದುದೇನೂ ಇಲ್ಲ.

ಇನ್ನು ಜನರು ಹಕ್ಕಿಗಳನ್ನು ಏಕೆ ಕಾಪಾಡಿದರು? ಈ ಪ್ರಶ್ನೆಗೆ ಎರಡು ಉತ್ತರಗಳು ದೊರೆಯುತ್ತವೆ, ಎರಡೂ ನಿಜವೇ. ಮೊದಲನೆಯದು ಗೊಬ್ಬರ. ಮರಗಳ ಕೆಳಗೆ ಅಗಲವಾದ ಗುಂಡಿಗಳನ್ನು ತೋಡಿ, ಕೆರೆಯ ಗೋಡನ್ನು ತಂದು ತುಂಬಿ, ಅದರ ಮೇಲೆ ಬೀಳುವ ಹಿಕ್ಕೆಯನ್ನು ಮಣ್ಣಿನೊಡನೆ ಬೆರೆಸಿ ಹೊಲಕ್ಕೆ ಹಾಕುವುದು ಅಲ್ಲಿಯ ವಾಡಿಕೆ. ಮೀನು ತಿನ್ನುವ ಹಕ್ಕಿಗಳ ಹಿಕ್ಕೆಯಲ್ಲಿ ಬೆಳೆಗೆ ಬೇಕಾದ ಸಾರವು ಹೇರಳವಾಗಿರುವುದೆಂದು ಕೃಷಿಶಾಸ್ತ್ರವೂ ಒಪ್ಪುವುದು. ಎರಡನೆಯದು ಭಾವ. ಹಕ್ಕಿಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರಿನವರು ತಿಳಿಯುವರು. ಬಾಣಂತನಕ್ಕೆ ಬಂದ ಮಗಳು ಗಲಾಟೆ ಮಾಡಿದಳೆಂದು ತಾಯಿ ಅವಳನ್ನು ಅಟ್ಟುವಳೆ? ಅವು ಬಂದ ವರ್ಷ ಮಳೆಬೆಳೆ ಚೆನ್ನಾಗಿ ಆಗುವುದೆಂಬ ಮಾತೂ ಉಂಟು.

ಈ ತವರಿನ ಮಾತು ಬಲು ಇಂಪಾಗಿರುವುದರಿಂದ, ನಗರಗಳಿಂದ ನೋಡಲು ಬರುವವರು ಅಲ್ಲಿಗೇ ನಿಂತುಬಿಡುವರು. ಮಗಳ ಬಾಣಂತನಕ್ಕೂ ವೆಚ್ಚವುಂಟು, ಆ ವೆಚ್ಚವನ್ನು ಹೊರುವವರು ಎಲ್ಲರೂ ಅಲ್ಲ. ಗೂಡುಗಳಿಗೆ ಹಕ್ಕಿಗಳು ಮೆಚ್ಚುವ ಹುಣಸೆಯ ಮರಗಳು ಖಾಸಗಿ ಹಿಡುವಳಿಯವು. ಹುಣಸೆಹಣ್ಣು ಪಕ್ವವಾಗುವುದು ಮಾಘ ಫಾಲ್ಗುಣಗಳಲ್ಲಿ. ಗೂಡುಗಳಲ್ಲಿ ಮೊಟ್ಟೆ ಮರಿಗಳಿರುವುದೂ ಆಗಲೇ. ಕೊಂಬೆಗಳನ್ನು ಬಡಿದರೆ ಗೂಡು ಉರುಳುವುದು. ಬಡಿಯದೆ ಬಿಟ್ಟರೆ ಫಸಲು ಹೋಗುವುದು. ಅಲ್ಲದೆ ಹಿಕ್ಕೆ ಬಿದ್ದು ಎಲೆಗಳೂ ಕಾಯಿಗಳೂ ಸುಣ್ಣ ಬಳಿದಂತೆ ಬೆಳ್ಳಗಾಗುವುವು. ಗುಂಡಿಯ ಗೊಬ್ಬರವನ್ನು ಒಯ್ಯುವವರು ಕೆಲವರು, ನೋಟದ ಸುಖವನ್ನು ಪಡೆಯುವವರು ಎಲ್ಲರೂ, ಫಸಲನ್ನು ಕಳೆದುಕೊಳ್ಳುವವನು ಮಾತ್ರ ಮರದ ಒಡೆಯನೊಬ್ಬನೇ. ಮನೆಗಳು ಹೆಚ್ಚಿ, ಹಿಡುವಳಿಗಳು ಅಣ್ಣತಮ್ಮಂದಿರಲ್ಲಿ ಪಾಲಾಗಿ, ಕಾಸಿನ ಅವಶ್ಯಕತೆ ಏರಿದಂತೆಲ್ಲಾ ಮರವನ್ನು ಕಡಿದು ಮಾರುವ ಯೋಚನೆ ಬಂದರೆ ಅವನನ್ನು ದೂರುವುದು ನ್ಯಾಯವಲ್ಲ. ಸಂಪ್ರದಾಯವು ಹಕ್ಕಿಯನ್ನು ಹೊಡೆಯಬೇಡವೆಂದಿತು. ಮರವನ್ನು ಕಡಿಯಬೇಡವೆಂದು ಹೇಳುವಷ್ಟು ಬಲ ಅದಕ್ಕಿರಲಿಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾನೂನು ಬಂದಿತು. 1976ರಲ್ಲಿ ಅರಣ್ಯಾಧಿಕಾರಿಗಳಾಗಿದ್ದ ಎಸ್. ಜಿ. ನೇಗಿನಹಾಳರು ಬೆಳ್ಳೂರಿನ ಹೆಜ್ಜಾರ್ಲೆಗಳ ವಿಷಯವನ್ನು ವಿದ್ವಾಂಸರ ಗಮನಕ್ಕೆ ತಂದರು. ಗೂಡುಗಳಿರುವ ಮರಗಳ ಒಡೆಯರಿಗೆ ಅರಣ್ಯ ಇಲಾಖೆಯು ವರ್ಷಕ್ಕಿಷ್ಟೆಂದು ಪರಿಹಾರ ಕೊಡುವ ಏರ್ಪಾಡು ನಡೆದುದು ಆ ಬಳಿಕ. ಮೇಲೆ ಹೇಳಿದ ಅನ್ಯಾಯಕ್ಕೆ ಮೊದಲ ಮದ್ದು ಇದೇ. ಆದರೆ ಹುಣಸೆಯ ಧಾರಣೆ ಏರಿದಂತೆ ಪರಿಹಾರವು ಏರುವುದಿಲ್ಲವೆಂಬ ಗೊಣಗಾಟ ಒಡೆಯರಲ್ಲಿ ಹುಟ್ಟಿತು. ಅದು ನಿರಾಧಾರವಾದುದೂ ಅಲ್ಲ. ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದುಂಟು. ಮಗಳೆಂದು ಸಾಕಿದ ಹಕ್ಕಿಗೆ ಸರ್ಕಾರವು ಹಣ ಕೊಡತೊಡಗಿದ ಮೇಲೆ, ಅದು ಯಾರ ಹಕ್ಕಿ ಎಂಬ ಪ್ರಶ್ನೆ ಏಳುವುದು. ಗಾಳಿಗೆ ಬಿದ್ದ ಮರಿಯನ್ನು ಕಂಡವನು, ಇಲಾಖೆಯವರು ಬಂದು ನೋಡಿಕೊಳ್ಳಲಿ ಎಂದು ಮುಂದೆ ನಡೆದರೆ ಆಶ್ಚರ್ಯವೇನು?

ಬಿದ್ದ ಮರಿಗಳ ಸಂಗತಿಯನ್ನು ಸ್ವಲ್ಪ ವಿಸ್ತರಿಸಬೇಕು. ಹೆಜ್ಜಾರ್ಲೆಯು ಸಾಮಾನ್ಯವಾಗಿ ಮೂರು ಮೊಟ್ಟೆಗಳನ್ನಿಡುವುದು. ಒಂದು ತಿಂಗಳು ಕಾವು ಕೊಟ್ಟ ಮೇಲೆ ಮರಿ ಹೊರಬರುವುದು. ಆ ಮೇಲೆ ಅದು ಹಾರುವಂತಾಗಲು ಮೂರು ತಿಂಗಳಿಗೂ ಮಿಕ್ಕ ಕಾಲ ಬೇಕು. ಗೂಡುಗಳು ಒಂದಕ್ಕೊಂದು ತಾಗಿಕೊಂಡಂತಿರುವುವು. ಮರಿಗಳು ಬೆಳೆದು, ಜಗಳವಾಡಿ, ತಳ್ಳಾಡಿಕೊಳ್ಳುವ ಹೊತ್ತಿಗೆ ಸರಿಯಾಗಿ ಚೈತ್ರ ವೈಶಾಖಗಳ ಬಿರುಗಾಳಿಯೂ ಆಲಿಕಲ್ಲಿನ ಮಳೆಯೂ ಬರುವುವು. ನೆಲಕ್ಕೆ ಬಿದ್ದ ಮರಿಗೆ ತಾಯಿತಂದೆಗಳು ಇಳಿದುಬಂದು ಉಣಿಸುವುದಿಲ್ಲ. ಗೂಡಿನಲ್ಲಿರುವುದೇ ಅವಕ್ಕೆ ಮರಿ. ಕೆಳಗಿರುವುದು ಅವುಗಳ ಲೆಕ್ಕಕ್ಕಿಲ್ಲ. ಕಾಲು ಮುರಿಯದೆ ಉಳಿದ ಮರಿಯೂ ಹಸಿವಿನಿಂದಲೋ ನಾಯಿಯ ಬಾಯಿಂದಲೋ ಸಾಯುವುದು. ಬಾಣಂತಿಯನ್ನು ತವರಿಗೆ ಬರಮಾಡಿಕೊಂಡ ಊರಿನ ಸಂಪ್ರದಾಯದಲ್ಲಿ ಈ ಮರಿಗೆ ಒಂದು ಸ್ಥಾನ ಗೊತ್ತಾಗಿರಲಿಲ್ಲ.

ಆ ಸ್ಥಾನವನ್ನು ಕಲ್ಪಿಸಿಕೊಟ್ಟವರು ಊರಿನ ತರುಣರು. 1994ರ ಸುಮಾರಿಗೆ ಮೈಸೂರಿನ ಹವ್ಯಾಸಿ ಪ್ರಕೃತಿವೀಕ್ಷಕರ ಸಂಘದವರು ಬೆಳ್ಳೂರಿಗೆ ಬಂದು, ಗ್ರಾಮಸ್ಥರೊಡನೆ ಕೂಡಿ ಕೆಲಸಮಾಡತೊಡಗಿದರು. ಅವರ ಪ್ರೇರಣೆಯಿಂದ ಊರಿನ ಬೇಸಾಯಗಾರರ ಮಕ್ಕಳು ಕಟ್ಟಿಕೊಂಡ ಕೂಟವೇ ಹೆಜ್ಜಾರ್ಲೆ ಬಳಗ. ಬಳಗವೆಂಬ ಹೆಸರನ್ನು ಆರಿಸಿಕೊಂಡುದು ಉಚಿತವಾಗಿದೆ; ತವರೆಂದ ಮೇಲೆ ಬಳಗ ಬೇಡವೆ? ಇವರು ಬಿದ್ದ ಮರಿಗಳನ್ನು ಎತ್ತಿತಂದು, ಬೇಲಿ ಹಾಕಿದ ಆವರಣದೊಳಗೆ ಬಿಟ್ಟು, ಗಾಯಗಳಿಗೆ ಮದ್ದು ಮಾಡಿ, ಮೀನು ತಂದು ಉಣಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುವರು.

ಹೇಳುವುದಕ್ಕೆ ಒಂದು ವಾಕ್ಯವಾದ ಈ ಕೆಲಸವು ಮಾಡುವುದಕ್ಕೆ ಎಷ್ಟು ಕಠಿನವೆಂಬುದನ್ನು ಊಹಿಸಬಹುದು. ಹೆಜ್ಜಾರ್ಲೆಯ ಮರಿ ಹೊಟ್ಟೆಬಾಕ. ಕೆರೆಗಳು ಬತ್ತುವ ಬೇಸಗೆಯಲ್ಲಿ ದಿನದಿನವೂ ಮೀನನ್ನು ಒದಗಿಸಬೇಕು. ಅದೂ ಮನೆಯವರಿಗೆ ಸಾರಿಗೆ ಮೀನು ತರಲು ಕಾಸಿಲ್ಲದ ದಿನಗಳಲ್ಲಿ. ರಾತ್ರಿ ಗಾಳಿಯೆದ್ದರೆ ಲಾಂದ್ರ ಹಿಡಿದು ಮರದಿಂದ ಮರಕ್ಕೆ ನಡೆಯಬೇಕು. ಹಕ್ಕಿಗೆ ಅನ್ನವಿಕ್ಕುವ ಹುಡುಗನನ್ನು ನೋಡಿ ನಕ್ಕವರು ಇರಲಿಲ್ಲವೆಂದು ನಂಬುವುದು ಕಷ್ಟ. ಮರಿಗಳ ಆರೈಕೆಯೊಡನೆ ಗೂಡುಗಳನ್ನು ಎಣಿಸುವುದು, ಸಸಿಗಳನ್ನು ನೆಡುವುದು, ಶಾಲೆಯ ಮಕ್ಕಳಿಗೆ ಹಕ್ಕಿಗಳ ಪರಿಚಯ ಮಾಡಿಕೊಡುವುದು, ನೋಡಲು ಬಂದವರು ಗದ್ದಲ ಮಾಡದಂತೆ ಎಚ್ಚರಿಸುವುದು, ಇವೂ ಬಳಗದ ಪಾಲಿಗೆ ಬಂದುವು. ಎಲ್ಲಕ್ಕಿಂತ ಮುಖ್ಯವಾದುದು ಮರದ ಒಡೆಯರೊಡನೆ ಜಗಲಿಯ ಮೇಲೆ ಕುಳಿತು ಮಾತನಾಡುವುದು. ಪೇಟೆಯಿಂದ ಬಂದ ಉಪದೇಶಕನು ಮರ ಕಡಿಯಬೇಡವೆಂದರೆ ಒಡೆಯನಿಗೆ ಸಿಟ್ಟು ಬರುವುದು ಸಹಜ. ಅದೇ ಮಾತನ್ನು ಪಕ್ಕದ ಮನೆಯ ಹುಡುಗನು, ಆ ಮರದ ಕೆಳಗೆ ಬಿದ್ದ ಮರಿಯನ್ನು ಕಂಕುಳಲ್ಲಿ ಹೊತ್ತು ಹೇಳಿದರೆ ಕೇಳುವ ಕಿವಿಯೇ ಬೇರೆ.

ರಾಜ್ಯಾಧಿಕಾರವು ಗ್ರಾಮದ ಈ ಸ್ವಯಂಸೇವೆಗೆ ಒಂದು ಹೆಸರು ಕೊಟ್ಟುದು ಬಹಳ ತಡವಾಗಿ. ಹಳೆಯ ಕಾನೂನಿನ ರಾಷ್ಟ್ರೋದ್ಯಾನ, ಅಭಯಾರಣ್ಯಗಳೆಂಬ ಎರಡು ಅಚ್ಚುಗಳಲ್ಲಿಯೂ ಬೆಳ್ಳೂರು ಹಿಡಿಸುತ್ತಿರಲಿಲ್ಲ. ಜನರನ್ನು ಹೊರಗಿಟ್ಟು ಪ್ರಾಣಿಗಳನ್ನು ಕಾಯುವುದು ಆ ಅಚ್ಚುಗಳ ರೀತಿ. ಇಲ್ಲಿ ಜನರನ್ನು ಹೊರಗಿಟ್ಟರೆ ಕಾಯುವವರೇ ಇಲ್ಲ. 2002ರ ತಿದ್ದುಪಡಿಯು ಸಮುದಾಯ ಮೀಸಲು ಪ್ರದೇಶವೆಂಬ ಹೊಸ ವರ್ಗವನ್ನು ಕಲ್ಪಿಸಿತು. ಒಂದು ಸಮುದಾಯವಾಗಲಿ ಒಬ್ಬ ವ್ಯಕ್ತಿಯಾಗಲಿ ವನ್ಯಜೀವಿಗಳ ರಕ್ಷಣೆಗೆ ತಾವಾಗಿ ಮುಂದೆ ಬಂದಿದ್ದರೆ, ಖಾಸಗಿಯಾದ ಅಥವಾ ಸಮುದಾಯದ ಭೂಮಿಯನ್ನು, ಒಡೆತನವನ್ನು ಕಸಿದುಕೊಳ್ಳದೆ, ಹೀಗೆ ಘೋಷಿಸಬಹುದು. ಮೂಲ ವಿಧಿಯಂತೆ ಅದರ ಆಡಳಿತಸಮಿತಿಯಲ್ಲಿ ಗ್ರಾಮಪಂಚಾಯಿತಿಯು ಆರಿಸಿದ ಪ್ರತಿನಿಧಿಗಳು ಐವರು, ಇಲಾಖೆಯ ಪ್ರತಿನಿಧಿ ಒಬ್ಬರು. 2007ರಲ್ಲಿ ಕೊಕ್ಕರೆ ಬೆಳ್ಳೂರು ಇಂತಹ ಮೀಸಲು ಪ್ರದೇಶವಾಯಿತು. ಘೋಷಣೆಯಾದ ಮೇಲೆ ಭೂಮಿಯ ಬಳಕೆಯನ್ನು ಬದಲಾಯಿಸಬೇಕಾದರೆ ಸಮಿತಿಯ ನಿರ್ಣಯವೂ ಸರ್ಕಾರದ ಒಪ್ಪಿಗೆಯೂ ಬೇಕೆಂಬ ಕಟ್ಟು ಉಂಟಷ್ಟೆ. ಅದು ಹಕ್ಕಿಗೆ ನೆರವೇ ಆದರೂ ಒಡೆಯನ ಹೆಗಲಿಗೆ ಮತ್ತೊಂದು ಭಾರವೆಂಬುದನ್ನೂ ಮರೆಯಲಾಗದು.

ಇಷ್ಟಾದರೂ ಹಕ್ಕಿಗಳ ಬಾಳು ಊರ ಎಲ್ಲೆಯೊಳಗೆ ಮುಗಿಯುವುದಿಲ್ಲ. ಗೂಡು ಬೆಳ್ಳೂರಿನಲ್ಲಿ, ಊಟ ಸುತ್ತಣ ಕೆರೆಗಳಲ್ಲಿಯೂ ನದಿಯಲ್ಲಿಯೂ. ಆ ಕೆರೆಗಳಲ್ಲಿ ನೀರಿಲ್ಲವೆಂದರೆ, ಅಥವಾ ನೀರಿಗೆ ಕೊಳೆ ಸೇರಿತೆಂದರೆ, ಬಳಗದವರೇನು ಮಾಡಬಲ್ಲರು? 2017ರ ಡಿಸೆಂಬರಿನಿಂದ ಮುಂದಿನ ವರ್ಷದ ಮೊದಲ ತಿಂಗಳುಗಳ ವರೆಗೆ, ಗೂಡು ಕಟ್ಟಲು ಬಂದ ಬೆಳೆದ ಹೆಜ್ಜಾರ್ಲೆಗಳು ಒಂದೊಂದಾಗಿ ಮರದಿಂದ ಉರುಳಿ ಸಾಯತೊಡಗಿದುವು. ಹತ್ತಾರು ಹಕ್ಕಿಗಳು ಹೀಗೆ ಹೋದುವು. ಪಶುವೈದ್ಯರು ಸತ್ತವುಗಳನ್ನು ಪರೀಕ್ಷಿಸಲು ಒಡಲಿನಲ್ಲಿ ದಾರದಂತಹ ಹುಳುಗಳು ಕಂಡುಬಂದುವು. ತಿಂದ ಮೀನಿನ ಮೂಲಕ ಅವು ಒಳಹೊಕ್ಕುವೆಂದು ತಿಳಿದವರು ಹೇಳಿದರು. ತನ್ನ ಹಿತ್ತಲಲ್ಲಿ ಕಲ್ಲೆಸೆಯುವ ಹುಡುಗನನ್ನು ಗದರಿಸಿ ಹಕ್ಕಿಯನ್ನು ಉಳಿಸಿಕೊಂಡ ಊರು, ಹತ್ತಾರು ಮೈಲಿಗಳಾಚೆಯ ನೀರಿನೊಳಗಿನ ಹುಳುವಿನೆದುರು ಕೈಚೆಲ್ಲಿ ನಿಂತಿತು. ಮರಗಳಡಿಯಲ್ಲಿ ಮರಿಗಳನ್ನು ಹುಡುಕುವ ಕಾಲ ಇನ್ನೂ ಬಂದಿರಲಿಲ್ಲ. ಆ ಬಾರಿ ಅಲ್ಲಿ ಬಿದ್ದಿದ್ದುವು ಹೆತ್ತವು.

ಆದರೂ ಉಳಿದ ಹಕ್ಕಿಗಳು ಊರನ್ನು ಬಿಡಲಿಲ್ಲ. ಮುಂದಿನ ಚಳಿಗಾಲಗಳಲ್ಲಿಯೂ ಹೆಜ್ಜಾರ್ಲೆಗಳು ಅದೇ ಹುಣಸೆಯ ಕೊಂಬೆಗಳಿಗೆ ಕಡ್ಡಿಗಳನ್ನು ಹೊತ್ತು ಬಂದುವು.