ರೇಷ್ಮೆ ತೋಟದಿಂದ ಆರ್‌ಎನ್‌ಎ ಬಾಲದವರೆಗೆ

ಜಯನಗರ, ಬನಶಂಕರಿ ಕಡೆ ಓಡಾಡುವವರಿಗೆ ‘ಟಾಟಾ ಸಿಲ್ಕ್ ಫಾರಂ’ ಒಂದು ಬಡಾವಣೆಯ ಹೆಸರು. ಬಿಟಿಎಂ ಲೇಔಟಿನವರಿಗೆ ‘ಸಿಲ್ಕ್ ಬೋರ್ಡ್’ ಎಂದರೆ ವಾಹನಗಳು ಸಿಕ್ಕಿಕೊಳ್ಳುವ ಜಂಕ್ಷನ್. ಈ ಎರಡೂ ಹೆಸರುಗಳ ಹಿಂದೆ ನಮ್ಮ ಭಾಗದ ರೇಷ್ಮೆಯ ಚರಿತ್ರೆಯಿದೆ. ಜೀವಕೋಶದ ಒಂದು ಸೂಕ್ಷ್ಮ ಕೆಲಸವನ್ನು ಅರಿಯಲು ನೆರವಾದದ್ದೂ ಇದೇ ರೇಷ್ಮೆ ಹುಳು. ವಿಜ್ಞಾನ ಪಾಠ ಮಾಡಿದವನಾಗಿ ಎರಡನ್ನೂ ಸೇರಿಸಿ ಹೇಳಬೇಕೆನಿಸಿ ಈ ಲೇಖನ ಬರೆದಿದ್ದೇನೆ.

ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಗೆ ಉತ್ತೇಜನ ಕೊಟ್ಟವನು ಟಿಪ್ಪು ಸುಲ್ತಾನ್. 19ನೇ ಶತಮಾನದ ಕೊನೆಯಲ್ಲಿ ಜಮ್‌ಸೆಟ್‌ಜಿ ಟಾಟಾ ಅವರು ಜಪಾನಿ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದರು. ಮುಂದೆ ಅದನ್ನು ಸಾಲ್ವೇಶನ್ ಆರ್ಮಿ ನಡೆಸಿತು. ಅವರೇ ಕನಸು ಕಂಡ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು. ತೋಟವೂ ಪ್ರಯೋಗಶಾಲೆಯೂ ಒಬ್ಬರದೇ ಆಲೋಚನೆಯಿಂದ ಬಂದವು. 1948ರ ಕಾಯ್ದೆಯಡಿ ರೂಪುಗೊಂಡ ಕೇಂದ್ರ ರೇಷ್ಮೆ ಮಂಡಳಿಯ ಕಚೇರಿ ಇಂದು ಬಿಟಿಎಂ ಲೇಔಟಿನಲ್ಲಿದೆ.

ಇನ್ನು ಹುಳುವಿನ ವಿಷಯ. ನಾಲ್ಕನೇ ಜ್ವರದಿಂದ ಎದ್ದ ಹುಳು ಹಗಲಿರುಳೂ ಹಿಪ್ಪುನೇರಳೆ ಸೊಪ್ಪು ತಿನ್ನುವುದನ್ನು ಸಾಕಣೆದಾರರು ಬಲ್ಲರು. ಆಗ ಅದರ ರೇಷ್ಮೆ ಗ್ರಂಥಿಯಲ್ಲಿ ಫೈಬ್ರೊಯಿನ್ ಎಂಬ ಪ್ರೋಟೀನ್ ರಾಶಿರಾಶಿಯಾಗಿ ತಯಾರಾಗುತ್ತದೆ. ಅದರ ಹೆಚ್ಚಿನ ಪಾಲು ಗ್ಲೈಸಿನ್ ಮತ್ತು ಅಲನಿನ್ ಎಂಬ ಎರಡೇ ಅಮೈನೋ ಆಮ್ಲಗಳು. ಇವನ್ನು ಹೊತ್ತು ತರುವ ಹಮಾಲಿಯೇ ಟಿಆರ್‌ಎನ್‌ಎ. ಇದು ಸ್ವತಃ ಪ್ರೋಟೀನಿನ ಸೂತ್ರವಲ್ಲ. ಆದರೆ ಇದಿಲ್ಲದೆ ಯಾವ ಪ್ರೋಟೀನೂ ಇಲ್ಲ. ರೇಷ್ಮೆ ಗ್ರಂಥಿಯಲ್ಲಿ ಗ್ಲೈಸಿನ್, ಅಲನಿನ್ ಹೊರುವ ಹಮಾಲಿಗಳ ಸಂಖ್ಯೆಯೂ ಆಗ ಏರುತ್ತದೆ.

ಡಿಎನ್‌ಎಯಿಂದ ನಕಲಾದಾಗ ಟಿಆರ್‌ಎನ್‌ಎ ಬೇಕಾದ್ದಕ್ಕಿಂತ ಉದ್ದವಿರುತ್ತದೆ. ಮೊದಲು ತಲೆಯ ಕಡೆಯ ಹೆಚ್ಚುವರಿ ಭಾಗವನ್ನೂ ಬಾಲದ ಕಡೆಯ ಹೆಚ್ಚುವರಿಯನ್ನೂ ಕತ್ತರಿಸಬೇಕು. ತಲೆಯ ಕಡೆ ಕತ್ತರಿಸುವ ಸಾಧನದಲ್ಲೂ ಆರ್‌ಎನ್‌ಎ ಇದ್ದು, ಬ್ಯಾಕ್ಟೀರಿಯಾದಲ್ಲಿ ಕತ್ತರಿಯ ಅಲಗೇ ಆ ಆರ್‌ಎನ್‌ಎ ಎಂದು ತೋರಿಸಿದ ಸಿಡ್ನಿ ಆಲ್ಟ್‌ಮನ್‌ರಿಗೆ 1989ರಲ್ಲಿ ಥಾಮಸ್ ಚೆಕ್ ಜೊತೆ ನೊಬೆಲ್ ಬಂತು. ಆಮೇಲೆ ಬಾಲಕ್ಕೆ ಸಿ, ಸಿ, ಎ ಎಂಬ ಮೂರು ಅಕ್ಷರ ಸೇರುತ್ತವೆ. ಹುಳುವಿನಲ್ಲಾಗಲಿ ನಮ್ಮಲ್ಲಾಗಲಿ ಇವು ಜೀನಿನಲ್ಲಿ ಬರೆದಿರುವುದಿಲ್ಲ. ಒಂದು ಕಿಣ್ವ ಅವನ್ನು ಪ್ರತ್ಯೇಕವಾಗಿ ಜೋಡಿಸುತ್ತದೆ. ಅಮೈನೋ ಆಮ್ಲ ಕೂರುವುದು ಆ ಕೊನೆಯ ‘ಎ’ ಮೇಲೆ. ಬಾಲವಿಲ್ಲದ ಟಿಆರ್‌ಎನ್‌ಎ ಬರಿಗೈ ಹಮಾಲಿ. ಟಿಆರ್‌ಎನ್‌ಎಯ ರಚನೆ ಅಸ್ಥಿರವಾಗಿದ್ದರೆ ಅದೇ ಕಿಣ್ವ ಸಿಸಿಎಯನ್ನು ಎರಡು ಸಲ ಸೇರಿಸಿ ನಾಶಕ್ಕೆ ಗುರುತು ಹಾಕುತ್ತದೆಂದು 2011ರಲ್ಲಿ ತಿಳಿದುಬಂತು.

1965ರಲ್ಲಿ ರಾಬರ್ಟ್ ಹಾಲಿ ಯೀಸ್ಟಿನ ಅಲನಿನ್ ಟಿಆರ್‌ಎನ್‌ಎಯನ್ನು ಪೂರ್ತಿ ಓದಿದರು. ಅದರ ಜೀನನ್ನು 1970ರಲ್ಲಿ ಪ್ರಯೋಗಶಾಲೆಯಲ್ಲೇ ಕಟ್ಟಿದವರು ಅವಿಭಜಿತ ಭಾರತದಲ್ಲಿ ಹುಟ್ಟಿದ ಹರಗೋಬಿಂದ್ ಖೊರಾನಾ. ಬೆಂಗಳೂರಿನಲ್ಲೂ ಕೆಲಸ ನಡೆಯಿತು. ವಿಜ್ಞಾನ ಸಂಸ್ಥೆಯ ಕೆ. ಪಿ. ಗೋಪಿನಾಥನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ರೇಷ್ಮೆ ಹುಳುವಿನ ಗ್ಲೈಸಿನ್ ಟಿಆರ್‌ಎನ್‌ಎ ಜೀನುಗಳನ್ನು ಪರೀಕ್ಷಿಸಿದರು. ಒಂದೇ ಪಾಠವಿರುವ ಹಲವು ಪ್ರತಿಗಳಿದ್ದರೂ ಎಲ್ಲವೂ ಸಮನಾಗಿ ನಕಲಾಗುವುದಿಲ್ಲ, ಅಕ್ಕಪಕ್ಕದ ಡಿಎನ್‌ಎ ಅದನ್ನು ಹೆಚ್ಚು ಕಡಿಮೆ ಮಾಡುತ್ತದೆ ಎಂದು ಕಂಡರು.

ವಿಜ್ಞಾನವೆಂದರೆ ದೂರದ ದೇಶದ, ಇಂಗ್ಲಿಷ್ ಬಲ್ಲವರ ಸೊತ್ತು ಎಂದು ಸರ್ಕಾರಿ ಶಾಲೆಯ ಎಷ್ಟೋ ಮಕ್ಕಳು ಹತ್ತನೇ ತರಗತಿಗೇ ಅದನ್ನು ಬಿಡುತ್ತಾರೆ. ರೇಷ್ಮೆ ಸಾಕಿದ ಮನೆಗಳ ಮಕ್ಕಳಿಗೂ ಈ ಭಯವಿದೆ. ಅವರ ಅಜ್ಜಿ ಚಂದ್ರಿಕೆಗೆ ಬಿಟ್ಟ ಹಣ್ಣು ಹುಳುವೇ ಇಲ್ಲಿನ ಸಂಶೋಧನೆಗೆ ವಸ್ತುವಾಯಿತೆಂದು ಅವರಿಗೆ ಹೇಳಬೇಕು. ಶಿಕ್ಷಕ ಮಿತ್ರರು ಪಾಠವನ್ನು ರೇಷ್ಮೆ ಗೂಡಿನಿಂದ ಶುರುಮಾಡಲಿ. ಹುಳು ಸಾಕಿದ ಹಿರಿಯರು ಒಂದು ದಿನ ತರಗತಿಗೆ ಬಂದು ತಮ್ಮ ಅನುಭವ ಹೇಳಲಿ. ಇದು ನನ್ನ ವಿನಂತಿ.