ಸಮ್ನರ್ ಮತ್ತು ಅಮೆರಿಕದ ವ್ಯಕ್ತಿವಾದ

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ವ್ಯಕ್ತಿವಾದ ಒಂದೇ ಸ್ವರೂಪದಲ್ಲಿ ಬೆಳೆಯಲಿಲ್ಲ. ಜನ ಸಾರ್ವಜನಿಕ ಬದುಕಿನಿಂದ ದೂರ ಸರಿದು ಮನೆ, ಬಂಧುಬಳಗದೊಳಗೇ ಮುಳುಗುವ ಅಪಾಯವನ್ನು ಫ್ರೆಂಚ್ ಚಿಂತಕ ತೊಕ್ವಿಲ್ 1840ರಲ್ಲಿ ಅದರಲ್ಲಿ ಕಂಡ. ಮರುವರ್ಷ ಅಮೆರಿಕದ ಲೇಖಕ ಎಮರ್ಸನ್ ವ್ಯಕ್ತಿವಾದವನ್ನೇ ಆತ್ಮಬಲವೆಂದು ಎತ್ತಿಹಿಡಿದ. ಗುಲಾಮಗಿರಿಗೆ ಬೆಂಬಲವಾಗಿ ನಿಂತ ಸರ್ಕಾರಕ್ಕೆ ತೆರಿಗೆ ಕೊಡೆನೆಂದ ಲೇಖಕ ಥೋರೊ ಅದಕ್ಕೆ ಪ್ರತಿಭಟನೆಯ ಧೈರ್ಯ ತುಂಬಿದ.

ಅಂತರ್ಯುದ್ಧದ ಬಳಿಕ ರೈಲು, ಉಕ್ಕು, ಬ್ಯಾಂಕುಗಳ ಕಾಲ ಬಂದಾಗ ಈ ಚಿಂತನೆ ಆಸ್ತಿ ಮತ್ತು ಕರಾರಿನ ಸ್ವಾತಂತ್ರ್ಯದ ಕಡೆ ಹೊರಳಿತು. ಇದರ ಪ್ರಮುಖ ಪ್ರತಿಪಾದಕ ವಿಲಿಯಂ ಗ್ರಹಾಂ ಸಮ್ನರ್ (1840–1910). ಇಂಗ್ಲೆಂಡಿನಿಂದ ವಲಸೆ ಬಂದ ಕುಶಲಕರ್ಮಿಯ ಮಗ. ಕೆಲಕಾಲ ಪಾದ್ರಿಯಾಗಿದ್ದು 1872ರಲ್ಲಿ ಯೇಲ್ ಕಾಲೇಜಿನಲ್ಲಿ ಪ್ರಾಧ್ಯಾಪಕನಾದ. ಸರ್ಕಾರದ ಹಸ್ತಕ್ಷೇಪವನ್ನು ಒಪ್ಪದ ಇಂಗ್ಲಿಷ್ ಚಿಂತಕ ಹರ್ಬರ್ಟ್ ಸ್ಪೆನ್ಸರನ ಸಮಾಜಶಾಸ್ತ್ರ ಗ್ರಂಥವನ್ನು ಪಾಠಕ್ಕೆ ಬಳಸಿದ್ದಕ್ಕೆ ಕಾಲೇಜಿನ ಅಧ್ಯಕ್ಷ ನೋವಾ ಪೋರ್ಟರ್ ಆಕ್ಷೇಪಿಸಿದಾಗ ಬೋಧನಾ ಸ್ವಾತಂತ್ರ್ಯಕ್ಕಾಗಿ ಸೆಣಸಿದ.

ಸಾಮಾಜಿಕ ವರ್ಗಗಳು ಪರಸ್ಪರ ಏನನ್ನು ಕೊಡಬೇಕಾಗಿದೆ ಎಂಬ ಪ್ರಶ್ನೆಯನ್ನೆತ್ತಿದ ಆತನ ಪುಸ್ತಕ 1883ರಲ್ಲಿ ಬಂತು. ಅದರಲ್ಲಿ ಆತನ ವಾದ ಹೀಗಿದೆ: ಬಡವನೊಬ್ಬನ ಕಷ್ಟ ನೀಗಿಸಲು ಇಬ್ಬರು ಸುಧಾರಕರು ಕೂಡಿ ಕಾನೂನು ಮಾಡುತ್ತಾರೆ. ಅದರ ವೆಚ್ಚ ತೆರುವವನು, ಯಾರೂ ಮಾತಾಡಿಸದ ಮೂರನೆಯವನು. ದುಡಿದು, ಉಳಿಸಿ, ಸದ್ದಿಲ್ಲದೆ ತೆರಿಗೆ ಕಟ್ಟುವ ಈತನನ್ನೇ ಸಮ್ನರ್ 'ಮರೆತುಹೋದ ಮನುಷ್ಯ' ಎಂದು ಕರೆದ. ಹಾಗೆಂದು ಅವನನ್ನು ಸಿರಿವಂತರ ವಕೀಲನೆಂದು ತಳ್ಳಿಹಾಕುವುದು ಅನ್ಯಾಯ. ಕಾರ್ಖಾನೆದಾರರಿಗೆ ಲಾಭ ತರುತ್ತಿದ್ದ ಆಮದು ಸುಂಕವನ್ನು ಆತ ಬದುಕಿಡೀ ವಿರೋಧಿಸಿದ; ಹಣವಂತರು ಸರ್ಕಾರವನ್ನು ಕೈವಶ ಮಾಡಿಕೊಳ್ಳುವುದಕ್ಕೆ ಹೆದರಿದ. ಸ್ಪೇನ್ ವಿರುದ್ಧದ ಯುದ್ಧದ ನಂತರ, 1899ರಲ್ಲಿ, ವಸಾಹತು ಕಟ್ಟಲು ಹೊರಟ ಅಮೆರಿಕ ತಾನು ಗೆದ್ದ ಸ್ಪೇನಿನ ದಾರಿಯನ್ನೇ ಹಿಡಿಯುತ್ತಿದೆ ಎಂದು ಬಹಿರಂಗವಾಗಿ ಖಂಡಿಸಿದ.

ಆದರೆ ಆತನ ವಾದದಲ್ಲಿ ದೊಡ್ಡದೊಂದು ಕೊರತೆಯಿದೆ. ಹಸಿದ ಕೂಲಿಕಾರನೂ ಗಿರಣಿಯ ಒಡೆಯನೂ ಸಮಾನರಾಗಿ ಕುಳಿತು ಕರಾರು ಮಾಡಲಾರರು. ಗುಲಾಮಗಿರಿಯಿಂದ ಬರಿಗೈಯಲ್ಲಿ ಹೊರಬಂದವರ ಬಡತನಕ್ಕೆ ಅವರ ಸೋಮಾರಿತನ ಕಾರಣವಲ್ಲ. ಸಮ್ನರನ ಪುಸ್ತಕ ಬಂದ ವರ್ಷವೇ ಸಮಾಜಶಾಸ್ತ್ರಜ್ಞ ಲೆಸ್ಟರ್ ವಾರ್ಡ್, ಮನುಷ್ಯನ ಬುದ್ಧಿ ಸಮಾಜದ ವಿಕಾಸಕ್ಕೆ ದಿಕ್ಕು ತೋರಬಲ್ಲದು, ಅದಕ್ಕೆ ಎಲ್ಲರಿಗೂ ಶಿಕ್ಷಣ ಸಿಗಬೇಕು ಎಂದು ವಾದಿಸಿದ.

ಕರಾರಿನ ಸ್ವಾತಂತ್ರ್ಯದ ವಾದ ನ್ಯಾಯಾಲಯಗಳಲ್ಲೂ ಬೇರೂರಿತು. ಬೇಕರಿ ಕಾರ್ಮಿಕರ ದುಡಿಮೆಯನ್ನು ವಾರಕ್ಕೆ 60 ಗಂಟೆಗೆ ಮಿತಿಗೊಳಿಸಿದ್ದ ನ್ಯೂಯಾರ್ಕ್ ಕಾನೂನನ್ನು ಸುಪ್ರೀಂ ಕೋರ್ಟ್ 1905ರಲ್ಲಿ ರದ್ದುಮಾಡಿತು. ಸ್ಪೆನ್ಸರನ ಸಿದ್ಧಾಂತ ಸಂವಿಧಾನದ ಭಾಗವಲ್ಲ ಎಂದು ನ್ಯಾಯಮೂರ್ತಿ ಹೋಮ್ಸ್ ಭಿನ್ನಮತ ಬರೆದ. ಕರಾರಿನ ಸ್ವಾತಂತ್ರ್ಯದ ವಾದವನ್ನು ಬದಿಗಿಟ್ಟು ಕನಿಷ್ಠ ಕೂಲಿಯ ಕಾನೂನನ್ನು ಅದೇ ಕೋರ್ಟ್ ಎತ್ತಿಹಿಡಿದದ್ದು 1937ರಲ್ಲಿ.